ಲೋಟದಲ್ಲಿ ಉಕ್ಕುವ ವಿಜ್ಞಾನ

ಮಳೆ ಹಿಡಿದ ಭಾನುವಾರದ ಮಧ್ಯಾಹ್ನ ಮನೆಯೊಳಗೆ ಕೂಡಿಹಾಕಿದಂತಿರುವ ಮಕ್ಕಳನ್ನು ಸುಧಾರಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಹೇಳಬೇಕಾದ ಕಥೆಗಳೆಲ್ಲ ಮುಗಿದಿರುತ್ತವೆ. ಚೌಕಾಬಾರ ಜಗಳದಲ್ಲಿ ಕೊನೆಗೊಂಡಿರುತ್ತದೆ. ಮೊಬೈಲನ್ನು ಕೈಗೆ ಕೊಡಲು ತಾಯಿಗೆ ಮನಸ್ಸಿರುವುದಿಲ್ಲ. ಇಂಥ ಹೊತ್ತಿನಲ್ಲಿ ಅಡಿಗೆಯ ಮನೆಯಿಂದ ಒಂದು ಚಮಚ ಸೋಡವನ್ನೂ ಒಂದೆರಡು ನಿಂಬೆಹಣ್ಣುಗಳನ್ನೂ ತಂದಿಟ್ಟು ನೋಡಿ. ಗಂಟೆ ಕಳೆದುದು ಮಕ್ಕಳಿಗೂ ತಿಳಿಯುವುದಿಲ್ಲ, ಹಿರಿಯರಿಗೂ ತಿಳಿಯುವುದಿಲ್ಲ.

ಪಂಪ ರನ್ನರನ್ನು ಪಾಠ ಹೇಳುವವನಿಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಉತ್ತರ ಸರಳವಾಗಿದೆ. ಇಲ್ಲಿ ಹೇಳಿರುವ ಪ್ರಯೋಗಗಳಿಗೆ ಬೇಕಾದ ಸಾಮಾನುಗಳೆಲ್ಲ ನಮ್ಮ ಮನೆಗಳಲ್ಲಿವೆ. ಬೇಕಾದ ಮಾತುಗಳೆಲ್ಲ ನಮ್ಮ ನುಡಿಯಲ್ಲಿವೆ. ನೊರೆ, ಬುರುಗು, ಗುಳ್ಳೆ, ಉಕ್ಕು, ಹುಳಿ, ಹುದುಗು ಎಂಬ ಮಾತುಗಳನ್ನು ಬಲ್ಲ ಮಗು ಈ ಶಾಸ್ತ್ರದ ಬಾಗಿಲಿನವರೆಗೆ ತಾನಾಗಿಯೇ ಬಂದು ನಿಂತಿದೆ. ಅಗುಳಿ ತೆಗೆಯುವಷ್ಟೇ ಹಿರಿಯರ ಕೆಲಸ.

ಮೊದಲ ಬುರುಗು

ಒಂದು ಗಾಜಿನ ಲೋಟದಲ್ಲಿ ಕಾಲು ಚಮಚ ಅಡಿಗೆ ಸೋಡವನ್ನು ಹಾಕಿ, ಅದರ ಮೇಲೆ ಒಂದು ನಿಂಬೆಹಣ್ಣಿನ ರಸವನ್ನು ಹಿಂಡಿರಿ. ಬುಸ್ಸೆಂದು ನೊರೆ ಏಳುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿ ‘ಇನ್ನೊಮ್ಮೆ’ ಎನ್ನುತ್ತಾರೆ. ಇನ್ನೊಮ್ಮೆ ಮಾಡಿ ತೋರಿಸಿ. ಆದರೆ ಈ ಸಲ ಲೋಟವನ್ನು ಅವರ ಅಂಗೈಯಲ್ಲಿಡಿ. ನೊರೆ ಉಕ್ಕುವಾಗ ಲೋಟ ತುಸು ತಣ್ಣಗಾಗುವುದು ಅವರ ಕೈಗೆ ತಿಳಿಯುತ್ತದೆ. ಒಲೆಯ ಮೇಲೆ ಉಕ್ಕುವ ಹಾಲು ಸುಡುತ್ತದೆ. ಇಲ್ಲಿ ಉಕ್ಕುವುದು ತಂಪಾಗುತ್ತದೆ. ಈ ಕ್ರಿಯೆ ಸುತ್ತಲಿನ ಶಾಖವನ್ನು ಹೀರಿಕೊಂಡು ನಡೆಯುವುದೇ ಅದಕ್ಕೆ ಕಾರಣ. ಉಕ್ಕುವುದೆಲ್ಲ ಕುದಿಯುವುದಲ್ಲ ಎಂಬುದು ಮಗು ಕಲಿತ ಮೊದಲ ಪಾಠ.

ನಿಂಬೆಯ ಹುಳಿಗೆ ಸಿಟ್ರಿಕ್ ಆಮ್ಲ ಕಾರಣ. ಅಡಿಗೆ ಸೋಡ ಸೋಡಿಯಂ ಬೈಕಾರ್ಬೊನೇಟೆಂಬ ಲವಣ. ಇವೆರಡೂ ಕೂಡಿದಾಗ ಮತ್ತೊಂದು ಲವಣವೂ ನೀರೂ ಒಂದು ಅನಿಲವೂ ಉಂಟಾಗುತ್ತವೆ. ಆ ಅನಿಲವನ್ನು ಇಂದಿನ ಪಠ್ಯಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎನ್ನುತ್ತವೆ. ಹಿಂದಿನವರು ಇಂಗಾಲಾಮ್ಲವೆಂದು ಬರೆಯುತ್ತಿದ್ದರು. ಈ ಲೇಖನದಲ್ಲಿ ನಾನೂ ಆ ಹೆಸರನ್ನೇ ಬಳಸುತ್ತೇನೆ.

ಮಕ್ಕಳು ಸ್ವಲ್ಪ ದೊಡ್ಡವರಾದರೆ ಲೆಕ್ಕವನ್ನೂ ಕಲಿಸಬಹುದು. 84 ಗ್ರಾಂ ಸೋಡದಿಂದ 44 ಗ್ರಾಂ ಇಂಗಾಲಾಮ್ಲ ಹೊರಡುತ್ತದೆ. ಒಂದು ಸಣ್ಣ ಚಮಚದಲ್ಲಿ ಸುಮಾರು 5 ಗ್ರಾಂ ಸೋಡ ಹಿಡಿಯುತ್ತದೆಂದುಕೊಂಡರೆ, ಅದರಿಂದ ಹೊರಡುವ ಅನಿಲ ಸುಮಾರು ಒಂದೂವರೆ ಲೀಟರು! ಆದರೆ ಅಷ್ಟನ್ನೂ ಹೊರಡಿಸಬೇಕಾದರೆ ನಾಲ್ಕೈದು ನಿಂಬೆಹಣ್ಣುಗಳ ರಸ ಬೇಕು. ಒಂದೇ ಹಣ್ಣಿನ ರಸ ಹಾಕಿದರೆ ನೊರೆ ಬೇಗನೆ ನಿಂತು, ಸೋಡ ತಳದಲ್ಲಿ ಉಳಿಯುತ್ತದೆ. ‘ಸೋಡ ಇನ್ನೂ ಇದೆ, ನೊರೆ ಏಕೆ ನಿಂತಿತು?’ ಎಂದು ಮಗು ಕೇಳಿದರೆ ಕೂಡಲೇ ಉತ್ತರ ಹೇಳಬೇಡಿ. ಇನ್ನೊಂದು ನಿಂಬೆಯ ಹೋಳನ್ನು ಅದರ ಕೈಗೆ ಕೊಡಿ.

ಇದರ ಜೊತೆಗೆ ಮತ್ತೊಂದು ಪರೀಕ್ಷೆಯುಂಟು. ಅಂಗಡಿಯಲ್ಲಿ ಸಿಕ್ಕುವ ನಿಂಬೆ ಉಪ್ಪನ್ನೂ ಸೋಡವನ್ನೂ ಒಣ ತಟ್ಟೆಯಲ್ಲಿ ಒಣ ಚಮಚದಿಂದ ಬೆರೆಸಿರಿ. ಏನೂ ಆಗುವುದಿಲ್ಲ. ಎರಡು ಹನಿ ನೀರು ಬೀಳುತ್ತಲೇ ಸದ್ದು ಕೇಳುತ್ತದೆ. ನೀರು ಎರಡನ್ನೂ ಕರಗಿಸಿ ಕೂಡಿಸುವವರೆಗೆ ಅವು ಪರಸ್ಪರ ಪರಿಚಯವಿಲ್ಲದ ನೆರೆಮನೆಯವರಂತೆ ಸುಮ್ಮನಿರುತ್ತವೆ. ಹೊಟ್ಟೆಯುಬ್ಬರಕ್ಕೆಂದು ಕೊಳ್ಳುವ ಪುಡಿಯ ಪೊಟ್ಟಣವನ್ನು ತೇವ ತಗಲದಂತೆ ಮುಚ್ಚಿಡುವ ಗುಟ್ಟು ಇದೇ.

ಕಾಣದುದನ್ನು ಸುರಿಯುವುದು

ಈಗ ಬರುವುದು ಎಲ್ಲಕ್ಕಿಂತ ಸೊಗಸಾದ ಪ್ರಯೋಗ. ಒಂದು ಬಟ್ಟಲಿನ ತಳದಲ್ಲಿ ಚಿಕ್ಕ ಮೇಣದ ಬತ್ತಿಯ ತುಂಡನ್ನು ಹಚ್ಚಿಡಿ. ಅಗಲವಾದ ಗಾಜಿನ ಹೂಜಿಯಲ್ಲಿ ಒಂದು ಚಮಚ ಸೋಡ ಹಾಕಿ ಅರ್ಧ ಲೋಟದಷ್ಟು ವಿನಿಗರ್ ಸುರಿಯಿರಿ. ನೊರೆ ಇಳಿದ ಮೇಲೆ, ಒಳಗಿನ ದ್ರವ ಹೊರಗೆ ಬೀಳದಂತೆ ಜೋಪಾನವಾಗಿ ಹೂಜಿಯನ್ನು ಬತ್ತಿಯ ಮೇಲೆ ಬಾಗಿಸಿರಿ. ಕಣ್ಣಿಗೆ ಏನೂ ಕಾಣುವುದಿಲ್ಲ; ಒಂದು ಹನಿಯೂ ಬೀಳುವುದಿಲ್ಲ; ಆದರೂ ದೀಪ ಆರಿಹೋಗುತ್ತದೆ.

ಇಂಗಾಲಾಮ್ಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಆದುದರಿಂದ ಅದು ಹೂಜಿಯಲ್ಲಿ ನೀರಿನಂತೆ ನಿಲ್ಲುತ್ತದೆ, ನೀರಿನಂತೆ ಸುರಿಯುತ್ತದೆ. ಬತ್ತಿಯ ಸುತ್ತಲಿನ ಗಾಳಿಯನ್ನು ತಳ್ಳಿ ತಾನು ಆ ಸ್ಥಳವನ್ನು ಆಕ್ರಮಿಸುತ್ತದೆ. ಉರಿಯಲು ಬೇಕಾದ ಆಮ್ಲಜನಕ ದೊರೆಯದೆ ಜ್ವಾಲೆ ನಂದುತ್ತದೆ.

ಇದನ್ನು ಬರಿಯ ಆಟವೆಂದು ಭಾವಿಸಬಾರದು. ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿ ಜೋಳ, ರಾಗಿಗಳನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುವ ಪದ್ಧತಿಯಿತ್ತು. ಮುಚ್ಚಿದ ಹಗೇವಿನಲ್ಲಿ ಕಾಳು ಸುಮ್ಮನಿರುವುದಿಲ್ಲ, ಅದೂ ಉಸಿರಾಡುತ್ತದೆ. ಆಮ್ಲಜನಕ ತೀರುತ್ತ ಬಂದು, ಭಾರವಾದ ಇಂಗಾಲಾಮ್ಲ ಆ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಬಾಯಿ ತೆರೆದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಹೀಗಾಗಿಯೇ ಹಿಂದಿನ ತಿಳಿದವರು ಹಗೇವನ್ನು ತೆರೆದು ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪವನ್ನು ಇಳಿಸಿ ನೋಡುತ್ತಿದ್ದರು. ಹಾಳುಬಾವಿಗೆ ಇಳಿಯುವ ಮೊದಲೂ ಹಾಗೆಯೇ. ದೀಪ ನಂದಿತೋ, ಇಳಿಯಕೂಡದು. ಬಟ್ಟಲಿನಲ್ಲಿ ಬತ್ತಿ ಆರಿದುದನ್ನು ಕಣ್ಣಾರೆ ಕಂಡ ಮಗುವಿಗೆ ಈ ಮಾತು ಎಂದೂ ಮರೆಯುವುದಿಲ್ಲ.

ಆದರೆ ಇದರೊಡನೆ ಇನ್ನೊಂದು ಮಾತನ್ನೂ ಕಲಿಸಲೇಬೇಕು. ದೀಪ ನಂದಿದರೆ ಅಪಾಯ ಖಂಡಿತ. ದೀಪ ಉರಿದರೆ ಅಪಾಯವಿಲ್ಲವೆಂದು ಮಾತ್ರ ಖಂಡಿತವಿಲ್ಲ. ಜ್ವಾಲೆ ಇನ್ನೂ ಉರಿಯುತ್ತಿರುವಾಗಲೇ ಮನುಷ್ಯನಿಗೆ ಕೇಡಾಗುವಷ್ಟು ಇಂಗಾಲಾಮ್ಲ ಸೇರಿರಬಹುದು. ಮಲಗುಂಡಿ, ಒಳಚರಂಡಿಗಳಲ್ಲಂತೂ ಬೇರೆ ವಿಷಾನಿಲಗಳೂ, ಕಿಡಿ ತಗಲಿದರೆ ಸಿಡಿಯುವ ಅನಿಲಗಳೂ ಇರುತ್ತವೆ. ಅಲ್ಲಿ ದೀಪವನ್ನು ಇಳಿಸುವುದೇ ಅಪಾಯ. ಮನುಷ್ಯನನ್ನು ಇಳಿಸುವುದು ಅದಕ್ಕಿಂತ ದೊಡ್ಡ ಅಪರಾಧ.

ಈ ಅನಿಲದ ಭಾರ ಎಂಥ ಅನಾಹುತವನ್ನು ಮಾಡಬಲ್ಲದೆಂಬುದನ್ನು ಜಗತ್ತು 1986ರ ಆಗಸ್ಟ್ 21ರ ರಾತ್ರಿ ಕಂಡಿತು. ಆಫ್ರಿಕದ ಕ್ಯಾಮರೂನ್ ದೇಶದ ನ್ಯೋಸ್ ಎಂಬ ಸರೋವರದ ಆಳದಲ್ಲಿ ಕರಗಿದ್ದ ಇಂಗಾಲಾಮ್ಲ ಒಮ್ಮೆಗೇ ಉಕ್ಕಿ ಹೊರಬಂದು, ಕಣಿವೆಗಳಲ್ಲಿ ನೆರೆಯಂತೆ ಇಳಿದು ಹರಿಯಿತು. ಸುಮಾರು 1,700 ಜನರೂ ಸಾವಿರಾರು ದನಕರುಗಳೂ ಪ್ರಾಣ ಕಳೆದುಕೊಂಡವು. ಸೋಡದ ಸೀಸೆಯ ಬಿರಡೆಯನ್ನು ತೆರೆದಾಗ ಆಗುವುದೇ ಅಲ್ಲಿ ಒಂದು ಸರೋವರದ ಪ್ರಮಾಣದಲ್ಲಿ ಆಯಿತು.

ಸುಣ್ಣದ ತಿಳಿಯ ಸಾಕ್ಷ್ಯ

ದೀಪ ಆರಿಸಿದ ಅನಿಲ ಯಾವುದೆಂದು ಹೇಗೆ ಗುರುತಿಸುವುದು? ಅದಕ್ಕೆ ಅಜ್ಜಿಯ ಎಲೆಯಡಿಕೆಯ ತಟ್ಟೆಯನ್ನೇ ಮೊರೆಹೋಗಬೇಕು. ಎಲೆಗೆ ಹಚ್ಚುವ ಸುಣ್ಣವನ್ನು ಕಡಲೆಕಾಳಿನಷ್ಟು ತೆಗೆದು ಎರಡು ಲೋಟ ನೀರಿನಲ್ಲಿ ಕಲಕಿ, ಮುಚ್ಚಿ, ಒಂದು ರಾತ್ರಿ ಬಿಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಮಾತ್ರ ಅಲುಗದಂತೆ ಬಗ್ಗಿಸಿಕೊಳ್ಳಿ.

ಪರಂಗಿ ಎಲೆಯ ಟೊಳ್ಳು ದಂಟನ್ನು ತೊಳೆದು, ಅದರ ಮೂಲಕ ಈ ತಿಳಿಯೊಳಗೆ ಮೆಲ್ಲನೆ ಊದಬೇಕು. ಊದಬೇಕೇ ಹೊರತು ಹೀರಬಾರದು. ಆದುದರಿಂದ ಚಿಕ್ಕ ಮಕ್ಕಳಿದ್ದರೆ ಹಿರಿಯರೇ ಊದಿ ತೋರಿಸುವುದು ಮೇಲು. ಸ್ವಲ್ಪ ಹೊತ್ತಿನಲ್ಲಿ ಕನ್ನಡಿಯಂತಿದ್ದ ತಿಳಿ ಹಾಲಿನಂತೆ ಬೆಳ್ಳಗಾಗುತ್ತದೆ. ನಾವು ಒಳಗೆ ಸೆಳೆದುಕೊಳ್ಳುವ ಗಾಳಿಯಲ್ಲಿ ಇಂಗಾಲಾಮ್ಲ ಹತ್ತು ಸಾವಿರದಲ್ಲಿ ನಾಲ್ಕು ಪಾಲಿಗಿಂತ ತುಸು ಹೆಚ್ಚು. ಹೊರಗೆ ಬಿಡುವ ಉಸಿರಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು. ನಿಂಬೆ ಸೋಡಗಳ ಗುಳ್ಳೆಯಲ್ಲಿದ್ದುದೇ ನಮ್ಮ ಉಸಿರಿನಲ್ಲಿಯೂ ಇದೆ.

ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿದ್ವಾಂಸ 1750ರ ದಶಕದಲ್ಲಿ ಮಾಡಿ ತೋರಿಸಿದ್ದು ಇದನ್ನೇ. ಸುಣ್ಣಕಲ್ಲಿನಲ್ಲಿ ಸೆರೆಯಾಗಿದ್ದ ಈ ಅನಿಲವನ್ನು ಆತ ಬಂಧಿತ ವಾಯು ಎಂಬ ಅರ್ಥದ ಹೆಸರಿನಿಂದ ಕರೆದ. ಮುಂದೆ ಮೈಕೆಲ್ ಫ್ಯಾರಡೆ 1860-61ರ ಕ್ರಿಸ್‌ಮಸ್ ಸಮಯದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಒಂದು ಮೇಣದ ಬತ್ತಿಯನ್ನೇ ವಿಷಯವಾಗಿಟ್ಟುಕೊಂಡು ಆರು ಉಪನ್ಯಾಸಗಳನ್ನು ಕೊಟ್ಟ. ಕೊನೆಯ ಉಪನ್ಯಾಸದಲ್ಲಿ ಬತ್ತಿಯ ಉರಿಯನ್ನೂ ನಮ್ಮ ಉಸಿರನ್ನೂ ಹೋಲಿಸಿ, ಎರಡೂ ಒಂದೇ ಬಗೆಯ ದಹನವೆಂದು ತೋರಿಸಿದ. ಅಷ್ಟು ದೊಡ್ಡ ವಿಜ್ಞಾನಿಗೆ ಮಕ್ಕಳ ಮುಂದೆ ನಿಲ್ಲುವುದು ಸಣ್ಣ ಕೆಲಸವೆನಿಸಲಿಲ್ಲ.

ಹಾಲಿನಂತಾದ ತಿಳಿಯನ್ನು ಚೆಲ್ಲಬೇಡಿ. ಅದಕ್ಕೆ ಅಂಗಡಿಯ ಸೋಡ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋದರೆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುತ್ತದೆ. ಆ ತಿಳಿಯನ್ನು ಕಾಯಿಸಿದರೆ ಮತ್ತೆ ಬೆಳ್ಳಗಾಗುತ್ತದೆ! ಗಡಸು ನೀರು ಕಾಯಿಸುವ ಹಂಡೆಯೊಳಗೆ ಬಿಳಿಯ ಹಕ್ಕಳೆ ಕಟ್ಟುವುದು ಈ ಕ್ರಮದಿಂದಲೇ. ಗೋಡೆಗೆ ಬಳಿದ ಸುಣ್ಣ ದಿನ ಕಳೆದಂತೆ ಗಟ್ಟಿಯಾಗುವುದೂ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಕಲ್ಲಾಗುವುದರಿಂದ.

ಗೋಲಿಸೋಡದ ವಂಶಾವಳಿ

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ 1767ರಲ್ಲಿ ಬಂದು ನೆಲೆಸಿದಾಗ ಅವನ ಮನೆಯ ಪಕ್ಕದಲ್ಲಿ ಒಂದು ಬೀರಿನ ಕಾರ್ಖಾನೆಯಿತ್ತು. ಹುದುಗುತ್ತಿದ್ದ ತೊಟ್ಟಿಗಳ ಮೇಲೆ ನಿಂತಿದ್ದ ಅನಿಲವನ್ನು ಆತ ಕುತೂಹಲದಿಂದ ಪರೀಕ್ಷಿಸಿದ. ಅದರೊಳಗೆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ದಾಡಿಸಿದಾಗ ಅನಿಲ ಕರಗಿ ನೀರಿಗೆ ಹಿತವಾದ ಚುರುಕು ರುಚಿ ಬಂತು. ಆ ವಿಧಾನವನ್ನು 1772ರಲ್ಲಿ ಪ್ರಕಟಿಸಿದ; ಮರುವರ್ಷ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕವನ್ನು ಕೊಟ್ಟು ಗೌರವಿಸಿತು. ನೆರೆಮನೆಯ ವಾಸನೆಗೆ ಮೂಗು ಮುಚ್ಚಿಕೊಳ್ಳದೆ ಕಣ್ಣು ತೆರೆದುದರ ಫಲವಿದು.

ಈ ನೀರನ್ನು ಸೀಸೆಯಲ್ಲಿ ಹಿಡಿದಿಡುವ ಉಪಾಯವನ್ನು 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ ತನ್ನ ಹೆಸರಿಗೆ ಹಕ್ಕುಪತ್ರ ಮಾಡಿಕೊಂಡ. ನಮ್ಮ ಜಾತ್ರೆಗಳ ಗೋಲಿಸೋಡದ ಸೀಸೆ ಅವನದೇ. ಒಳಗಿನ ಅನಿಲ ಗೋಲಿಯನ್ನು ರಬ್ಬರಿನ ಬಳೆಗೆ ಒತ್ತಿ ಹಿಡಿಯುತ್ತದೆ. ಕಳ್ಳನೇ ಬಾಗಿಲಿಗೆ ಅಗುಳಿಯಾಗುವ ಈ ಚಮತ್ಕಾರವನ್ನು ಮಕ್ಕಳಿಗೆ ಬಿಡಿಸಿ ಹೇಳಿ, ಆಮೇಲೆ ಸೋಡ ಕುಡಿಸಿ.

ಕುಡಿಯುವ ಮೊದಲು ನಾಲ್ಕು ಒಣದ್ರಾಕ್ಷಿಗಳನ್ನು ಲೋಟದ ಸೋಡಕ್ಕೆ ಹಾಕಿ ನೋಡಿ. ಮೊದಲು ಮುಳುಗುತ್ತವೆ. ಸುಕ್ಕುಗಳ ಸಂದಿಯಲ್ಲಿ ಗುಳ್ಳೆಗಳು ಕಟ್ಟಿಕೊಂಡ ಮೇಲೆ ತೇಲುತ್ತ ಏಳುತ್ತವೆ. ಮೇಲೆ ಬಂದು ಗುಳ್ಳೆಗಳನ್ನು ಕಳೆದುಕೊಂಡು ಮತ್ತೆ ಮುಳುಗುತ್ತವೆ. ನುಣುಪಾದ ಕಾಳೊಂದನ್ನು ಹಾಕಿ ಹೋಲಿಸಲು ಹೇಳಿ. ಯಾವುದು ಕುಣಿಯುತ್ತದೆ, ಯಾವುದು ಕುಣಿಯುವುದಿಲ್ಲ ಎಂಬುದನ್ನು ಅವರೇ ಪಟ್ಟಿ ಮಾಡಲಿ.

ಕಲ್ಲಿನ ಜಾತಿಯನ್ನು ಕೇಳುವ ನಿಂಬೆ

ಸೋಡವಿಲ್ಲದೆಯೂ ಗುಳ್ಳೆ ಬರಿಸಬಹುದು. ಕಡಲ ತೀರದಿಂದ ತಂದ ಕಪ್ಪೆಚಿಪ್ಪನ್ನು ನಿಂಬೆರಸದಲ್ಲೋ ವಿನಿಗರಿನಲ್ಲೋ ಮುಳುಗಿಸಿದರೆ ಅದರ ಮೈಮೇಲೆಲ್ಲ ಸಣ್ಣ ಮುತ್ತುಗಳಂತೆ ಗುಳ್ಳೆ ಕೂಡುತ್ತದೆ. ಚಿಪ್ಪು ಸುಣ್ಣಕಲ್ಲಿನ ಜಾತಿಯದು. ಕೋಳಿಮೊಟ್ಟೆ ತರುವ ಮನೆಯಾದರೆ ಹಸಿಯ ಮೊಟ್ಟೆಯನ್ನು ವಿನಿಗರಿನಲ್ಲಿ ಒಂದೆರಡು ದಿನ ಬಿಡಬಹುದು. ಓಡೆಲ್ಲ ಕರಗಿ, ತೆಳುವಾದ ಪೊರೆಯೊಳಗೆ ಮೊಟ್ಟೆ ಮೆತ್ತಗೆ ನಿಲ್ಲುತ್ತದೆ.

ರಂಗೋಲಿಯ ಪುಡಿಯನ್ನೂ ಹೀಗೆ ಪರೀಕ್ಷಿಸಬಹುದು. ಸುಣ್ಣಕಲ್ಲಿನ ಪುಡಿಯಾದರೆ ಹುಳಿ ತಗಲಿದಾಗ ಗುಳ್ಳೆ ಏಳುತ್ತದೆ. ಬಳಪದ ಕಲ್ಲಿನದಾದರೆ ಸುಮ್ಮನಿರುತ್ತದೆ. ಶಾಲೆಯ ಸೀಮೆಸುಣ್ಣವೂ ಎಲ್ಲವೂ ಒಂದೇ ಬಗೆಯದಲ್ಲ. ಜಿಪ್ಸಮ್ಮಿನಿಂದ ಮಾಡಿದುದು ಗುಳ್ಳೆ ಬಿಡುವುದಿಲ್ಲ. ಭೂವಿಜ್ಞಾನಿಗಳು ಬೆಟ್ಟಗುಡ್ಡ ಅಲೆಯುವಾಗ ದುರ್ಬಲ ಆಮ್ಲದ ಪುಟ್ಟ ಸೀಸೆಯೊಂದನ್ನು ಒಯ್ಯುವುದು ಇದಕ್ಕಾಗಿಯೇ. ಒಂದು ಹನಿ ಬಿಟ್ಟು, ಕಲ್ಲು ಉತ್ತರ ಕೊಡುವುದೋ ಇಲ್ಲವೋ ನೋಡುತ್ತಾರೆ.

ರಾತ್ರಿಯಲ್ಲಿ ಉಬ್ಬುವ ಹಿಟ್ಟು

ಇಡ್ಲಿಯ ಹಿಟ್ಟನ್ನು ರುಬ್ಬಿದ ರಾತ್ರಿ ಅದರಲ್ಲಿ ಸ್ವಲ್ಪವನ್ನು ಗಾಜಿನ ಲೋಟಕ್ಕೆ ಅರ್ಧದಷ್ಟು ತುಂಬಿ, ಮಟ್ಟಕ್ಕೆ ಸರಿಯಾಗಿ ಹೊರಗೆ ಒಂದು ದಾರ ಕಟ್ಟಿಸಿರಿ. ಇನ್ನೊಂದು ಲೋಟವನ್ನು ತಂಪು ಪೆಟ್ಟಿಗೆಯಲ್ಲಿಡಿ. ಬೆಳಗ್ಗೆ ಎದ್ದು ಎರಡನ್ನೂ ಮಕ್ಕಳೇ ಅಳೆಯಲಿ. ಹಿಟ್ಟನ್ನು ಉಬ್ಬಿಸಿದ್ದು ಇದೇ ಇಂಗಾಲಾಮ್ಲ. ಅದನ್ನು ಬಿಟ್ಟದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಲ್ಯೂಕೋನೊಸ್ಟಾಕ್ ಎಂಬ ಜಾತಿಯವು ಅವುಗಳಲ್ಲಿ ಮುಖ್ಯ. ಬೆಚ್ಚಗಿದ್ದರೆ ಅವಕ್ಕೆ ಉತ್ಸಾಹ, ತಣ್ಣಗಿದ್ದರೆ ಸೋಮಾರಿತನ. ಚಳಿಗಾಲದಲ್ಲಿ ಇಡ್ಲಿ ಕಲ್ಲಾಗುವುದೇಕೆಂದು ಇನ್ನು ತಾಯಿಯನ್ನು ಯಾರೂ ಆಕ್ಷೇಪಿಸುವಂತಿಲ್ಲ.

ರಕ್ತ ಸುರಿಸುವ ನಿಂಬೆ

ನಾಲ್ಕು ಕೆಂಪು ದಾಸವಾಳಗಳ ಎಸಳನ್ನು ಬಿಸಿನೀರಿನಲ್ಲಿ ಕಿವುಚಿ ಸೋಸಿದ ನೀರಿಗೆ ಸೋಡ ಹಾಕಿದರೆ ಬಣ್ಣ ನೀಲಿ ಹಸಿರುಗಳ ಕಡೆಗೆ ತಿರುಗುತ್ತದೆ. ಅದಕ್ಕೆ ನಿಂಬೆ ಹಿಂಡಿದರೆ ಒಮ್ಮೆಗೇ ಬುರುಗೂ ಏಳುತ್ತದೆ, ಕೆಂಪೂ ಮರಳುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಮಾಡಿದ ಓಕುಳಿಯ ಕೆಂಪು ನಿಂಬೆರಸ ಬಿದ್ದರೆ ಹಳದಿಯಾಗುವುದೂ ಇದೇ ತತ್ತ್ವದಿಂದ. ಹುಳಿಯ ಮುಂದೆ ಒಂದು ಬಣ್ಣ, ಕ್ಷಾರದ ಮುಂದೆ ಮತ್ತೊಂದು.

ಈಗ ದಾಸವಾಳದ ಎಸಳನ್ನು ಚಾಕುವಿನ ಅಲಗಿಗೆ ಚೆನ್ನಾಗಿ ಉಜ್ಜಿ ಒಣಗಿಸಿ, ಅದರಿಂದ ನಿಂಬೆಹಣ್ಣನ್ನು ಕೊಯ್ಯಿರಿ. ಕೆಂಪು ರಸ ಒಸರುತ್ತದೆ. ಮಾಟ ಮಾಡಿಸಿದ್ದಾರೆಂದು ಭಯಪಡಿಸಿ ಹಣ ಕೀಳುವವರು ತೋರಿಸುವ ‘ರಕ್ತ’ ಇದೇ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸುವ ಸಮಿತಿಯೊಂದನ್ನು ರಚಿಸಿದಾಗ ನಾಡಿನಲ್ಲೆಲ್ಲ ಚರ್ಚೆಯೆದ್ದಿತು. ಮನೆಯ ಅಂಗಳದ ದಾಸವಾಳದಿಂದ ತಾನೇ ಈ ರಕ್ತವನ್ನು ಬರಿಸಿದ ಹುಡುಗಿ ನಾಳೆ ಯಾರದೋ ಕೈಯಲ್ಲಿನ ನಿಂಬೆಹಣ್ಣಿಗೆ ಹೆದರಿ ತನ್ನ ಬಳೆಯನ್ನು ಬಿಚ್ಚಿಕೊಡುವುದಿಲ್ಲ.

ಮರೆಯಬಾರದ ಎಚ್ಚರಿಕೆಗಳು

ನೊರೆ ಬರಿಸುವ ಯಾವ ಪ್ರಯೋಗವನ್ನೂ ಬಿಗಿಯಾಗಿ ಮುಚ್ಚಿದ ಸೀಸೆಯಲ್ಲಿ ಮಾಡಕೂಡದು. ಒಂದು ಚಮಚ ಸೋಡದ ಒಂದೂವರೆ ಲೀಟರು ಅನಿಲವನ್ನು ಅರ್ಧ ಲೀಟರಿನ ಸೀಸೆಯಲ್ಲಿ ಬಂಧಿಸಿದರೆ ಒತ್ತಡ ಏನಾಗುವುದೆಂದು ಮಕ್ಕಳೇ ಲೆಕ್ಕ ಹಾಕಲಿ. ಸೀಸೆಯ ಬಾಯಿಗೆ ಬೆಲೂನು ಸಿಕ್ಕಿಸಿ ಅದು ಉಬ್ಬುವುದನ್ನು ನೋಡುವುದಾದರೆ ಸೋಡ ಅರ್ಧ ಚಮಚ ಮೀರದಿರಲಿ.

ಅಡಿಗೆ ಸೋಡವೇ ಬೇರೆ, ಬಟ್ಟೆಗೆ ಹಾಕುವ ಸೋಡವೇ ಬೇರೆ, ಚರ್ಮವನ್ನು ಸುಡುವ ಕಾಸ್ಟಿಕ್ ಸೋಡವೇ ಬೇರೆ. ಡಬ್ಬಿಗಳ ಮೇಲೆ ಹೆಸರು ಬರೆದಿಡಿ. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕುವ ಕೆಲಸ ಮಕ್ಕಳದಲ್ಲ. ಅದು ಕುದಿದು ಸಿಡಿಯುತ್ತದೆ. ಸುಣ್ಣದ ಯಾವ ನೀರೂ ಕಣ್ಣಿಗೆ ತಾಕಬಾರದು. ತಾಕಿದರೆ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಒಯ್ಯಬೇಕು. ಬಚ್ಚಲು ತೊಳೆಯುವ ಆಮ್ಲವನ್ನಾಗಲಿ, ಬ್ಲೀಚಿಂಗ್ ಪುಡಿಯನ್ನಾಗಲಿ ಈ ಆಟಕ್ಕೆ ತರಲೇಬಾರದು. ಅವೆರಡು ಕೂಡಿದರೆ ಕ್ಲೋರೀನೆಂಬ ವಿಷಾನಿಲ ಹೊರಡುತ್ತದೆ. ಪ್ರಯೋಗದ ಲೋಟದಿಂದ ಯಾರೂ ಕುಡಿಯಕೂಡದೆಂಬ ಶಿಸ್ತು ಮೊದಲ ದಿನದಿಂದಲೇ ಇರಲಿ.

ಕೇಳುವ ಬಾಯಿ

ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. 1936ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಬರೆದರು. ಈ ಮಾತುಗಳು ಕನ್ನಡದಲ್ಲಿ ಬರಲಾರವೆಂದು ಅವರು ಕೈಕಟ್ಟಿ ಕುಳಿತಿದ್ದರೆ ನಾವಿಂದು ಇನ್ನೂ ಹಿಂದೆ ಇರುತ್ತಿದ್ದೆವು. ಅವರು ಪುಸ್ತಕದಲ್ಲಿ ಮಾಡಿದುದನ್ನು ತಾಯಿತಂದೆಗಳು ಜಗುಲಿಯ ಮೇಲೆ ಮಾಡಬೇಕಾಗಿದೆ.

ನಮ್ಮ ಅನೇಕ ಶಾಲೆಗಳಲ್ಲಿ ಪ್ರಯೋಗಶಾಲೆಯ ಬೀರು ಬೀಗ ಹಾಕಿಕೊಂಡೇ ಇರುತ್ತದೆ. ‘ಇಂಗಾಲದ ಡೈಆಕ್ಸೈಡ್ ಉರಿಯುವ ವಸ್ತುವನ್ನು ನಂದಿಸುತ್ತದೆ’ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿ ಪೂರ್ಣ ಅಂಕ ಪಡೆದ ಹುಡುಗ ಹಾಳುಬಾವಿಯ ಅಂಚಿನಲ್ಲಿ ನಿಂತಾಗ ಆ ವಾಕ್ಯ ಅವನ ನೆನಪಿಗೆ ಬರುವುದೆಂಬ ಭರವಸೆಯಿಲ್ಲ. ಕಂಡು ಕಲಿತುದು ಮಾತ್ರ ಬರುತ್ತದೆ.

ಆದುದರಿಂದ ಒಂದು ನೂರು ಪುಟದ ಪುಸ್ತಕವನ್ನು ಮಗುವಿಗೆ ಕೊಡಿ. ಏನು ಹಾಕಿದೆ, ಎಷ್ಟು ಹಾಕಿದೆ, ಏನಾಯಿತು, ಏಕೆ ಎಂದು ತೋರುತ್ತದೆ ಎಂಬ ನಾಲ್ಕು ಸಾಲುಗಳನ್ನು ತನ್ನ ಮಾತಿನಲ್ಲಿ ಅದು ಬರೆಯಲಿ. ಕಾಗುಣಿತ ತಪ್ಪಿದ್ದರೆ ಆಮೇಲೆ ತಿದ್ದೋಣ. ನಿಮಗೆ ಉತ್ತರ ತಿಳಿಯದ ಪ್ರಶ್ನೆಯನ್ನು ಅದು ಕೇಳಿದರೆ ಗದರಿಸಬೇಡಿ. ‘ಮಾಡಿ ನೋಡೋಣ ಬಾ’ ಎನ್ನಿ. ಖರ್ಚು ಒಂದು ನಿಂಬೆಹಣ್ಣಿನದು ಮಾತ್ರ.